ಅರವತ್ತೆರಡು ತೂತುಗಳು

ಹುಳುಕ ತೀರಿಕೊಂಡು ಏಳು ತಿಂಗಳಾಗುತ್ತಾ ಬಂತು. ಅವನ ಮೇಲೆ ನನಗಿದ್ದ ಸಿಟ್ಟು ಮಾತ್ರ ಇನ್ನೂ ಗಟ್ಟಿಮುಟ್ಟಾಗಿ ನಮ್ಮ ಕಾರ್ ಶೆಡ್ಡಿನಲ್ಲಿ ನಿಂತಿದೆ. ಉದ್ದ ಹದಿನಾಲ್ಕು ಅಡಿ, ಅಗಲ ಐದೂವರೆ, ಬಣ್ಣ ಒಂದು ಕಾಲದಲ್ಲಿ ನೀಲಿ. ಅದರ ದೆಸೆಯಿಂದ ನಮ್ಮ ಕಾರು ಬೀದಿಗೆ ಬಿದ್ದಿದೆ. (ನಾನು ಬೀಳುವುದೊಂದು ಬಾಕಿ. ಅದಕ್ಕೂ ದಿನ ಗೊತ್ತು ಮಾಡುತ್ತೇನೆಂದು ಹೆಂಡತಿ ಹೇಳಿದ್ದಾಳೆ.)

ಹುಳುಕ ನನ್ನ ಗೆಳೆಯ, ಹಲ್ಲಿನ ಡಾಕ್ಟರು. ಅಡ್ಡಹೆಸರು ಇಟ್ಟವನು ನಾನೇ. ಬದುಕಿಡೀ ಜನರ ಬಾಯಲ್ಲಿ ಹುಳುಕು ಹುಡುಕಿದವನಿಗೆ ಬೇರೇನು ಹೆಸರಿಡಲಿ? ನಾನು ಮುದ್ರಣಾಲಯದಲ್ಲಿ ಮೂವತ್ತನಾಲ್ಕು ವರ್ಷ ಕರಡು ತಿದ್ದಿದವನು; ನನ್ನನ್ನು 'ಕರಡು' ಎಂದು ಕರೆದು ಅವನು ಸೇಡು ತೀರಿಸಿಕೊಂಡ. ಈ ಭೂಮಂಡಲದಲ್ಲಿ ಹಾಗೆ ಕರೆಯುವ ಹಕ್ಕು ಅವನೊಬ್ಬನಿಗೇ ಇತ್ತು. ಅವನು ಹೋದ ಮೇಲೆ ಆ ಹಕ್ಕು ಖಾಲಿ ಬಿದ್ದಿತ್ತು.

ಇಪ್ಪತ್ತೆರಡು ವರ್ಷದ ಹಿಂದೆ ಅವನು ನನ್ನ ದವಡೆ ಹಲ್ಲೊಂದಕ್ಕೆ ಸಿಮೆಂಟು ತುಂಬಿದ. ತುಂಬಿದ್ದು ಐದು ನಿಮಿಷ, ಅದಕ್ಕೆ ಮೊದಲು ಒಣಗಿಸಿದ್ದು ಅರ್ಧ ಗಂಟೆ. ಹತ್ತಿ ತುರುಕಿದ, ಗಾಳಿ ಊದಿದ, ಮತ್ತೆ ಹತ್ತಿ, ಮತ್ತೆ ಗಾಳಿ. ದವಡೆಯ ಕೀಲು ಕಳಚುವಂತಾಗಿ, ಬೇಗ ಮುಗಿಸೋ ಎಂದು ಕೈಸನ್ನೆ ಮಾಡಿದರೆ, "ಒದ್ದೆ ಮೇಲೆ ಮುಚ್ಚಿದ್ರೆ ಒಳಗೊಳಗೇ ಕೊಳೆಯುತ್ತೆ ಕಣೋ, ಸುಮ್ನಿರು" ಎಂದ. ಆ ಹಲ್ಲು ಇವತ್ತಿಗೂ ಕಲ್ಲಿನ ಹಾಗಿದೆ.

ದವಾಖಾನೆಯ ಬಾಗಿಲು ಹಾಕಿದ ವರ್ಷ ಅವನ ತಲೆಗೆ ದೋಣಿ ಹೊಕ್ಕಿತು. ಕೆರೆಯ ದಡದ ಕ್ಲಬ್ಬಿನವರು ಮೂಲೆಗೆ ಎಸೆದಿದ್ದ ಹಳೆಯ ಫೈಬರ್‌ಗ್ಲಾಸ್ ಮೋಟಾರು ದೋಣಿಯನ್ನು ಹೊರಿಸಿಕೊಂಡು ಬಂದು ಹಿತ್ತಲಲ್ಲಿ ಇಳಿಸಿದ. ಮೂರು ವರ್ಷ, ಪ್ರತಿ ಭಾನುವಾರ, ನಾವಿಬ್ಬರೂ ಅದರ ಬುಡದಲ್ಲಿ ಅಂಗಾತ ಬಿದ್ದುಕೊಂಡು ಉಪ್ಪುಕಾಗದ ಉಜ್ಜಿದೆವು. ಬಿರುಕು ಮುಚ್ಚಿದೆವು, ಸೀಟು ಬಿಚ್ಚಿದೆವು, ಬಿಚ್ಚಿದ ಸೀಟನ್ನು ಎಲ್ಲಿಟ್ಟೆವೆಂದು ಜಗಳವಾಡಿದೆವು. ಸುಖವೆಂದರೆ ಇದೇ ಎಂದು ಆಗ ಯಾರಾದರೂ ಹೇಳಿದ್ದರೆ ಅವರ ಜೊತೆಗೂ ಜಗಳಕ್ಕೆ ನಿಲ್ಲುತ್ತಿದ್ದೆ.

ಒಂದು ಭಾನುವಾರ ಹೋಗಿ ನೋಡುತ್ತೇನೆ, ದೋಣಿಯ ಹಿಂಬದಿಯ ಹಲಗೆ ತುಂಬಾ ತೂತು. ಮೋಟಾರಿನ ಭಾರವನ್ನೆಲ್ಲ ಹೊರುವುದು ಆ ಹಲಗೆಯೇ. ಒಳಗೂ ಹೊರಗೂ ಫೈಬರು, ನಡುವೆ ದಪ್ಪ ಮರ. ಅದರ ಒಳಮುಖದಲ್ಲಿ ಸಾಲುಸಾಲಾಗಿ, ಪೆನ್ಸಿಲು ಹೋಗುವಷ್ಟು ಅಗಲಕ್ಕೆ ಕೊರೆದಿದ್ದ. ಎಣಿಸಿದೆ. (ತಪ್ಪು ಕಂಡಲ್ಲಿ ಎಣಿಸುವುದು ನಮ್ಮ ಕಸುಬಿನವರ ಕಾಯಿಲೆ.) ಅರವತ್ತೆರಡು.

"ಯಾರ ಬಾಯೂ ಸಿಗಲಿಲ್ಲ ಅಂತ ದೋಣಿಗೆ ಕೊರೆದ್ಯಾ?" ಎಂದೆ.

"ಕಾರಣ ಇದೆ. ಯಾಕೆ ಅಂತ ಕೇಳು, ಹೇಳ್ತೀನಿ."

ಕೇಳುವ ಮನುಷ್ಯನೇ ನಾನು? ಮೂರು ವರ್ಷದ ದುಡಿಮೆಯನ್ನು ಜರಡಿ ಮಾಡಿದೆ ಎಂದೆ. ಹಲ್ಲು ಕೀಳುವವನಿಗೆ ಮರದ ಗೊಡವೆ ಏಕೆ ಎಂದೆ. ಅಚ್ಚಾದ ಮೇಲೆ ತಪ್ಪು ಹುಡುಕುವವನಿಂದ ತಾನು ಕಲಿಯಬೇಕಾದ್ದು ಏನೂ ಇಲ್ಲ ಎಂದು ಅವನೆಂದ. ಅಚ್ಚಾಗುವ ಮುಂಚೆ, ಎಂದು ತಿದ್ದಿದೆ. ಜಗಳ ಕೈಮೀರಿದ್ದು ಅಲ್ಲಿ. ಚಪ್ಪಲಿ ಮೆಟ್ಟಿಕೊಂಡು ಹೊರಟವನು ಮತ್ತೆ ಆ ಮನೆಗೆ ಕಾಲಿಡಲಿಲ್ಲ.

ಅವನ ಮನೆಗೂ ನಮ್ಮ ಮನೆಗೂ ನಡುವೆ ನಾಲ್ಕು ಬೀದಿ. ಒಂದು ವರ್ಷ ಹನ್ನೊಂದು ತಿಂಗಳು ಮಾತಿಲ್ಲ. ಅವನು ಬಂದು ತಪ್ಪಾಯಿತು ಅನ್ನಲಿ ಎಂದು ನಾನು ಕಾದೆ. ಇಬ್ಬರ ಆರೋಗ್ಯವೂ ಚೆನ್ನಾಗಿತ್ತು, ಅವಸರವೇನೂ ಇರಲಿಲ್ಲ. ಒಂದು ಮಂಗಳವಾರ ಬೆಳಗ್ಗೆ ಶೂ ಲೇಸು ಕಟ್ಟಲು ಬಗ್ಗಿದವನು ಮೇಲೇಳಲಿಲ್ಲ.

ಎರಡು ತಿಂಗಳ ಮೇಲೆ ಅವನ ಹೆಂಡತಿ, ಅಂದರೆ ನಮ್ಮ ಅತ್ತಿಗೆ, ಫೋನು ಮಾಡಿದರು. ಮನೆ ಖಾಲಿ ಮಾಡಿ ತಂಗಿಯ ಫ್ಲ್ಯಾಟಿಗೆ ಹೋಗುತ್ತಿದ್ದಾರೆ, ಮೂರನೇ ಮಹಡಿಗೆ ದೋಣಿ ಹತ್ತುವುದಿಲ್ಲ. ನಾನು ಒಯ್ಯದಿದ್ದರೆ ಗುಜರಿಯವನು ಒಯ್ಯುತ್ತಾನೆ. ಆಮೇಲೆ, ಅದರಲ್ಲಿ ಒಂದು ಸಲ ಕೆರೆ ಸುತ್ತಿಸುತ್ತೇನೆಂದು ಐದು ವರ್ಷದಿಂದ ಹೇಳುತ್ತಿದ್ದರು, ಅದಕ್ಕೆಂದೇ ಒಂದು ಟೋಪಿ ತೆಗೆದಿಟ್ಟಿದ್ದೇನೆ ಎಂದರು.

ಅವನ ಹುಟ್ಟಿದ ದಿನಕ್ಕೆ ಇನ್ನು ನಾಲ್ಕು ತಿಂಗಳಿತ್ತು. ಅವತ್ತು ನಿಮ್ಮನ್ನು ಕೆರೆ ಸುತ್ತಿಸುವುದು ನನ್ನ ಹೊಣೆ ಎಂದು ಘೋಷಿಸಿದೆ. ಅತ್ತಿಗೆಯ ಟೋಪಿ ಒಂದು ಕಾರಣ. ಇನ್ನೊಂದು ಕಾರಣವನ್ನೂ ಮುಚ್ಚಿಡದೆ ಹೇಳಿಬಿಡುತ್ತೇನೆ: ಆ ಅರವತ್ತೆರಡು ತೂತನ್ನೂ ಮುಚ್ಚಿ, ದೋಣಿ ನೀರಿನ ಮೇಲೆ ಓಡಿದರೆ, ನಾನು ಹೇಳಿದ್ದೇ ಸರಿ ಎಂದಾಗುತ್ತಿತ್ತು. ತೀರಿಕೊಂಡವನ ಮೇಲೆ ಗೆಲ್ಲುವ ಆಸೆ ಎಂಥ ಸಣ್ಣತನವೆಂದು ಗೊತ್ತು. ಆದರೆ ಗೆದ್ದರೆ ತಾನೇ ಅವನನ್ನು ಕ್ಷಮಿಸಬಹುದು? ಅವನನ್ನು ಮಣ್ಣು ಮಾಡಿದ ದಿನವೂ ನನ್ನ ಕಣ್ಣಲ್ಲಿ ಒಂದು ಹನಿ ಬಂದಿರಲಿಲ್ಲ. ನೀವು ಮನುಷ್ಯರೋ ಮರವೋ ಎಂದು ಹೆಂಡತಿ ಕೇಳಿದ್ದಳು.

ಹೆಂಡತಿ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವವಳು. ಬರುವ ವಸ್ತು ಯಾವುದಾದರೂ ತೂಕ ನೋಡದೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. ದೋಣಿ ಗೇಟಿನ ಮುಂದೆ ನಿಂತಾಗ ಸುತ್ತಲೂ ಒಮ್ಮೆ ನಡೆದು ನೋಡಿ, ನಾಲ್ಕು ತಿಂಗಳು, ಅದರ ಮೇಲೆ ಒಂದು ದಿನವೂ ಇಲ್ಲ ಎಂದು ಷರತ್ತು ಹಾಕಿದಳು.

ಜೀರ್ಣೋದ್ಧಾರ ಆರಂಭವಾಯಿತು. ಮೊದಲ ವಾರ ಅವಳ ಸ್ಟೀಲು ಬಟ್ಟಲಿನಲ್ಲಿ ರೆಸಿನ್ ಅಂಟು ಕಲಸಿದೆ. ಗಟ್ಟಿಯಾಗಲು ಹಾಕುವ ದ್ರಾವಣ ನಾಲ್ಕು ಹನಿ ಹೆಚ್ಚಾಯಿತು. (ನಲವತ್ತು ಎಂದು ಅವಳ ವಾದ.) ಬಟ್ಟಲು ಕೈ ಸುಡುವಷ್ಟು ಕಾದು, ಹೊಗೆಯಾಡಿ, ಚಮಚ ನೆಟ್ಟಗೆ ನಿಂತಂತೆಯೇ ಕಲ್ಲಾಯಿತು. ಅವಳು ಅದನ್ನು ಎಸೆಯದೆ ಹಜಾರದ ಶೋಕೇಸಿನಲ್ಲಿಟ್ಟಳು. ಬಂದವರಿಗೆಲ್ಲ ನಮ್ಮ ಯಜಮಾನರ ಕೈಕೆಲಸ ಎಂದು ತೋರಿಸುತ್ತಾಳೆ. ಎರಡನೇ ವಾರ ಫೈಬರ್ ಧೂಳು ಹಿಡಿದ ನನ್ನ ಅಂಗಿಯನ್ನು ಅವಳ ಬಟ್ಟೆಯ ಜೊತೆ ಒಗೆಯಲು ಹಾಕಿದೆ. ಕಣ್ಣಿಗೆ ಕಾಣದ ಗಾಜಿನೆಳೆಗಳು ಅವಳ ಮೈಗೆ ಹತ್ತಿ, ದಿನವಿಡೀ ಒಂದು ಕೈಯಲ್ಲಿ ಮುದ್ರೆ ಒತ್ತುತ್ತ ಇನ್ನೊಂದು ಕೈಯಲ್ಲಿ ತುರಿಸಿಕೊಂಡಳಂತೆ. ಆ ರಾತ್ರಿ ನಾನು ದೋಣಿಯಲ್ಲಿ ಮಲಗಿದೆ. ಅದು ನೆಲದ ಮೇಲೆ ನಿಂತೇ ಒಬ್ಬನನ್ನು ಕಾಪಾಡಿತು.

ಮೂರನೇ ವಾರ ಮುಖ್ಯ ಕಾರ್ಯಕ್ಕೆ ಕೈಹಾಕಿದೆ. ಹಿಂಬದಿಯ ಹಲಗೆಗೆ ರಬ್ಬರು ಪೈಪಿನಿಂದ ಒಂದು ಗಂಟೆ ಮಜ್ಜನ ಮಾಡಿಸಿದೆ. ಪ್ರತಿ ತೂತಿಗೂ ಪೈಪು ಹಿಡಿದು ಧೂಳು ತೊಳೆದೆ. ಮೇಲೆ ಬಟ್ಟೆಯಿಂದ ಒರೆಸಿದೆ. ಆಗ ಕಂಡಿತು, ತೂತಿನ ಪಕ್ಕದಲ್ಲೆಲ್ಲ ಪೆನ್ಸಿಲಿನಲ್ಲಿ ಸಣ್ಣದಾಗಿ ಬರೆದ ತಾರೀಕುಗಳು. ಹುಳುಕನ ಅಕ್ಷರ. ಕೆಳಗಿನ ಸಾಲಿನ ಆರಕ್ಕೆ ಮಾತ್ರ ತಾರೀಕು ಇರಲಿಲ್ಲ. ಕೊರೆದ ದಿನವನ್ನು ಚರಿತ್ರೆಗೆ ದಾಖಲಿಸಿದ್ದಾನೆ, ಎಂಥ ಅಹಂಕಾರ ಎಂದುಕೊಂಡೆ.

ಹೆಂಡತಿ ಹಿಂದೆ ಬಂದು ನಿಂತಿದ್ದಳು. "ತಾರೀಕು ಯಾಕೆ ಬರೆದಿದ್ದಾರೆ? ಅಳಿಸೋ ಮುಂಚೆ ಅತ್ತಿಗೆನ ಒಂದು ಮಾತು ಕೇಳಬಾರದಾ?"

ಮೂವತ್ತನಾಲ್ಕು ವರ್ಷ ಅಂಚಿನ ಪೆನ್ಸಿಲು ಗುರುತು ಅಳಿಸಿ ಅನ್ನ ಉಂಡವನಿಗೆ ಹೇಳಲು ಬಂದೆಯಾ ಎಂದೆ. ಉಪ್ಪುಕಾಗದ ತೆಗೆದುಕೊಂಡು ಉಜ್ಜಿದೆ. ಒಂದು ತಾರೀಕಿನ ಮೇಲೆ ಕೈ ಸ್ವಲ್ಪ ತಡೆಯಿತು. ಅದು ನನ್ನ ಹುಟ್ಟಿದ ದಿನ. ಅದನ್ನೂ ಉಜ್ಜಿದೆ. ಅರವತ್ತೆರಡಕ್ಕೂ ರೆಸಿನ್ ತುಂಬಿ, ಮೇಲೆ ಫೈಬರ್ ಹಾಸಿ, ನುಣ್ಣಗೆ ಮಾಡಿ, ನೀಲಿ ಬಣ್ಣ ಹೊಡೆದೆ. ಒಂದು ಅಚ್ಚಿನ ದೋಷವೂ ಇಲ್ಲದ ಪುಟದ ಹಾಗಿತ್ತು. ಅವನಿಗೆ ತೋರಿಸಬೇಕು ಅನ್ನಿಸಿ, ಶೆಡ್ಡಿನ ಬಾಗಿಲವರೆಗೆ ಹೋಗಿ ವಾಪಸು ಬಂದೆ.

ಹುಳುಕನ ಹುಟ್ಟಿದ ದಿನದ ಬೆಳಗ್ಗೆ ಅತ್ತಿಗೆ ಟೋಪಿ ಹಾಕಿಕೊಂಡೇ ಬಂದರು. ಬಿಳಿ ಟೋಪಿ, ಗಲ್ಲದ ಕೆಳಗೆ ಕಟ್ಟುವ ದಾರ. ಹಿಂದೆಯೇ ಮೋಟಾರು ಕೂರಿಸಲು ಅವರು ಗೊತ್ತುಮಾಡಿದ್ದ ದೋಣಿ ಮೇಸ್ತ್ರಿ ಬಂದ. ಮಾತು ಕಡಿಮೆಯ ಮನುಷ್ಯ. ಜೇಬಿನಿಂದ ಮರದ ಸುತ್ತಿಗೆ ತೆಗೆದು ಹಲಗೆಯ ಮೇಲೆ ಅಲ್ಲಲ್ಲಿ ಬಡಿದ, ಕಿವಿಗೊಟ್ಟ. ದಬ್, ದಬ್. ಎಲ್ಲಿ ಬಡಿದರೂ ದಬ್. ಅವನ ಮುಖ ಸಣ್ಣದಾಯಿತು.

"ತೂತು ಮುಚ್ಚಿದ್ದು ಯಾರು?"

"ನಾನೇ," ಎಂದೆ, ಎದೆ ಸೆಟೆಸಿ. ತೊಳೆದ ಬಗೆ, ತುಂಬಿದ ಬಗೆಯನ್ನು ವಿವರವಾಗಿ ವರ್ಣಿಸಿದೆ. ಪೈಪಿನ ಮಾತು ಬಂದಾಗ ಅವನು ಕಣ್ಣು ಮುಚ್ಚಿಕೊಂಡ.

ಡ್ರಿಲ್ಲು ಕೇಳಿ ಇಸಿದುಕೊಂಡು, ನನ್ನ ನೀಲಿ ಬಣ್ಣದ ನಟ್ಟನಡುವೆ ಒಂದು ತೂತು ಕೊರೆದ. ಆರಿದ ಚಹಾದ ಬಣ್ಣದ ನೀರು ಸಣ್ಣ ಗೆರೆಯಾಗಿ ಇಳಿಯಿತು. ಒಳಗಿನ ಮರ ಎಷ್ಟೋ ವರ್ಷದಿಂದ ನೀರು ಕುಡಿದಿತ್ತು, ಕೊಳೆಯುವ ಮುಂಚೆ ಒಣಗಿಸಲು ಹೀಗೆ ತೂತು ಕೊರೆಯಿರಿ ಎಂದು ಡಾಕ್ಟರಿಗೆ ಹೇಳಿಕೊಟ್ಟವನು ತಾನೇ ಎಂದ. ವಾರಕ್ಕೊಮ್ಮೆ ಪ್ರತಿ ತೂತಿಗೂ ಹತ್ತಿ ಇಟ್ಟು ನೋಡುತ್ತಿದ್ದರಂತೆ. ಹತ್ತಿ ಒಣಗಿಯೇ ಬಂದ ದಿನ ಆ ತೂತಿನ ಪಕ್ಕ ತಾರೀಕು. ಐವತ್ತಾರು ಒಣಗಿದ್ದವು.

"ಇನ್ನು ಆರು ಬಾಕಿ ಇತ್ತು. ಹೆಚ್ಚೆಂದ್ರೆ ಒಂದು ತಿಂಗಳ ಕೆಲಸ," ಎಂದ. "ಈಗ ಎಲ್ಲಾ ಮೊದಲಿಂದ. ಎರಡು ವರ್ಷ."

ಹಲ್ಲು ಕಚ್ಚಿಕೊಂಡು ಸಹಿಸಿದೆ. ಆ ಹಲ್ಲೂ ಹುಳುಕ ಒಣಗಿಸಿ ತುಂಬಿದ್ದೇ.

ಅತ್ತಿಗೆ ಟೋಪಿ ತೆಗೆಯಲಿಲ್ಲ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಪ್ರತಿ ಭಾನುವಾರ ಗೇಟಿನ ಚಿಲಕ ತೆಗೆದಿಡೋರು," ಎಂದರು. "ಕರಡು ಬಂದು ಯಾಕೆ ಅಂತ ಒಂದು ಮಾತು ಕೇಳಲಿ, ಹೇಳಿಬಿಡ್ತೀನಿ ಅನ್ನೋರು. ನೀವು ಕೇಳೋಕೆ ಬರಲೇ ಇಲ್ಲ."

ಹೆಂಡತಿ, ಎರಡು ವರ್ಷವೂ ಕಾರು ಬೀದಿಯಲ್ಲೇನಾ ಎಂದು ಕೇಳಲು ಬಾಯಿ ತೆರೆದವಳು, ಅತ್ತಿಗೆಯ ಟೋಪಿ ನೋಡಿ ಒಳಗೆ ಹೋಗಿ ಎಲ್ಲರಿಗೂ ಚಹಾ ತಂದಳು.

ಕಳೆದ ಭಾನುವಾರ ಅತ್ತಿಗೆ ಮತ್ತೆ ಬಂದರು, ಅದೇ ಟೋಪಿಯಲ್ಲಿ. ಕೈಯಲ್ಲಿ ಹುಳುಕನ ದವಾಖಾನೆಯ ತಗಡಿನ ಡಬ್ಬಿ. ಅದರ ತುಂಬಾ ಹತ್ತಿಯ ಸಣ್ಣ ಸಣ್ಣ ಸುರುಳಿ, ಮೇಲೊಂದು ಮೋಟು ಪೆನ್ಸಿಲು. ಡಬ್ಬಿಯನ್ನು ನನ್ನ ಮುಂದಿಟ್ಟು ದೋಣಿ ಹತ್ತಿ, ಮುಂದಿನ ಸೀಟಿನಲ್ಲಿ ಶೆಡ್ಡಿನ ಗೋಡೆಗೆ ಮುಖಮಾಡಿ ಕುಳಿತರು. ಹೆಂಡತಿಯೂ ಹತ್ತಿ ಪಕ್ಕದಲ್ಲಿ ಕೂತಳು. ಇಬ್ಬರೂ ಗೋಡೆಯನ್ನು ನೋಡುತ್ತ, ನಿಜವಾಗಿಯೂ ಎಲ್ಲಿಗೋ ಹೊರಟವರಂತೆ ಮಾತಾಡುತ್ತಿದ್ದರು.

ನಾನು ಹಿಂದೆ ಕುಕ್ಕರಗಾಲಲ್ಲಿ ಕೂತು ಕೊರೆದೆ. ಮುಚ್ಚಿದ ಜಾಗದಲ್ಲೇ, ಒಂದೊಂದಾಗಿ. ಕೊರೆದಲ್ಲೆಲ್ಲ ಹತ್ತಿ ಇಟ್ಟು ತೆಗೆದೆ. ಯಾವುದೂ ಒಣಗಿ ಬರಲಿಲ್ಲ. ನನ್ನ ಹುಟ್ಟಿದ ದಿನ ಬರೆದಿದ್ದ ತೂತು ಯಾವುದೆಂದು ಎಷ್ಟು ನೋಡಿದರೂ ತಿಳಿಯಲಿಲ್ಲ. ಅಷ್ಟು ಚೆನ್ನಾಗಿ ಉಜ್ಜಿದ್ದೆ.

ಕೊನೆಯದನ್ನು ಕೊರೆದು ಡ್ರಿಲ್ಲು ನಿಲ್ಲಿಸಿದಾಗ ಅತ್ತಿಗೆ ತಿರುಗದೆಯೇ ಕೂಗಿದರು, ಥೇಟ್ ಅವನ ಧಾಟಿಯಲ್ಲಿ: "ಕರಡೂ, ಎಷ್ಟು ಒದ್ದೆ?"

ಕೊನೆಯ ತೂತಿಗೂ ಹತ್ತಿ ಇಟ್ಟು ತೆಗೆದೆ. "ಅರವತ್ತೆರಡೂ," ಎಂದೆ.

ಹೆಂಡತಿ ನನ್ನ ಕಡೆ ತಿರುಗಿದಳು. ದೋಣಿಯಿಂದ ಬಗ್ಗಿ ನನ್ನ ಮೂಗಿನ ಮೇಲಿಂದ ಕನ್ನಡಕ ತೆಗೆದಳು, ಡಬ್ಬಿಯಿಂದ ಎರಡು ಹತ್ತಿ ಸುರುಳಿ ಎತ್ತಿ ನನ್ನ ಅಂಗೈಗೆ ಹಾಕಿದಳು.

"ಎಣಿಕೆ ತಪ್ಪಿದ್ದೀರಿ," ಅಂದಳು. "ಅರವತ್ತನಾಲ್ಕು."