ನಮ್ಮ ವೋಟು ಒಡೆದ ಟೇಲರ್ ಚಾಚಾ

ಚುನಾವಣೆಗೆ ಇಬ್ಬರು ನಿಂತರೆ ಜಗಳ, ಮೂವರು ನಿಂತರೆ ಗಣಿತ. ನನಗೆ ಜಗಳ ಬರುತ್ತದೆ, ಗಣಿತ ಬರುವುದಿಲ್ಲ. ಇಂಡಿ, ಸಿಂದಗಿ, ಬಾಗೇವಾಡಿ, ಯಾವ ಕಡೆಯ ನೆಂಟರ ಮನೆಗೆ ಹೋದರೂ "ಮೂರನೇದಾಂವ ನಿಂತು ನಮ್ಮನ್ನ ಕೆಡವಿದ" ಎಂದು ಗೋಳಾಡುವವರು ಒಬ್ಬರಾದರೂ ಇರುತ್ತಾರೆ. ಪಂಚಾಯಿತಿ ಚುನಾವಣೆಯಲ್ಲಿ ಆ ಸರದಿ ನಮ್ಮ ಮನೆಗೂ ಬಂತು.

ನಾನು ಮುದ್ದೇಬಿಹಾಳದಲ್ಲಿ ಪಂಪಿನ ಮೋಟರು ರಿಪೇರಿ ಮಾಡುವವನು. ಊರು ಅಲ್ಲಿಂದ ಅರ್ಧ ತಾಸಿನ ಹಾದಿ. ಅಣ್ಣ ಹಿಂದೊಮ್ಮೆ ನಿಂತು ಸೋತಿದ್ದ. ಈ ಸಲವೂ ಸೋತರೆ ಮುಖ ಎತ್ತಿ ತಿರುಗುವಂತಿಲ್ಲ ಎಂದು ಊಟ ಬಿಟ್ಟಿದ್ದ. ಎದುರಾಳಿ ಒಬ್ಬನೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ತಮ್ಮ ಅಂಗಡಿ ಮುಂದಿನ ಗಟಾರವನ್ನು ಪಂಚಾಯಿತಿಯವರು ಮುಚ್ಚಿಸಲಿಲ್ಲ ಎಂಬ ಸಿಟ್ಟಿಗೆ ನಮ್ಮ ಓಣಿಯ ಟೇಲರ್ ಚಾಚಾ ತಾವೂ ನಾಮಪತ್ರ ಹಾಕಿಬಿಟ್ಟರು. ಅವರಿಗೆ ಬೀಳುವುದೆಲ್ಲ ನಮ್ಮ ಓಣಿಯ ವೋಟೇ.

ಶಾಲು

ನಾಮಪತ್ರ ವಾಪಸ್ ತೆಗೆಯುವ ಕೊನೆಯ ದಿನ. ಕಾಲಿಗೆ ಬೀಳುವುದೊಂದು ಬಿಟ್ಟು ಎಲ್ಲ ಮಾಡಿದೆವು. ಚಾಚಾ ಕರಗಿ, "ಆತು ನಡೀರಿ, ಸಹಿ ಮಾಡ್ತೇನಿ" ಎಂದರು. ನಮ್ಮ ಕಡೆ ಯಾರಾದರೂ ದೊಡ್ಡ ಮನಸ್ಸು ಮಾಡಿದರೆ ಸನ್ಮಾನ ಮಾಡದೆ ಬಿಡುವುದಿಲ್ಲ. ಸಹಿ ಆಮೇಲಾದೀತು ಎಂದು ಪಂಚಾಯಿತಿ ಬಾಗಿಲಲ್ಲೇ ಶಾಲು ಹೊದಿಸಿ, ಹಾರ ಹಾಕಿ, ಫೋಟೊ ತೆಗೆಸಿ, ಚಪ್ಪಾಳೆ ತಟ್ಟಿದೆವು.

ಚಾಚಾ ಶಾಲಿನ ಅಂಚನ್ನು ಬೆರಳಲ್ಲಿ ತಿಕ್ಕಿ ನೋಡಿದರು. "ಅಲ್ರೋ, ಹಿಂದ ಸರದಾಂವಗ ಇಷ್ಟು ಮರ್ಯಾದಿ ಅಂದ್ರ, ನಿಂತಾಂವಗ ಎಷ್ಟಿರಬೇಕು!"

ಅಲ್ಲಿಂದಲೇ ತಿರುಗಿ ಪ್ರಚಾರಕ್ಕೆ ಹೋದರು, ನಮ್ಮದೇ ಹಾರ ಹಾಕಿಕೊಂಡು.

ಜುಬ್ಬಾ

ಗೆದ್ದ ದಿನ ತೊಡಲೆಂದು ಅಣ್ಣ ಜುಬ್ಬಾದ ಬಟ್ಟೆ ಮೊದಲೇ ಹೊಲಿಯಲು ಕೊಟ್ಟಿದ್ದ. ಚಾಚಾರಿಗೇ. ಊರಿಗೆ ಟೇಲರ್ ಅವರೊಬ್ಬರೇ. ಇನ್ನೊಮ್ಮೆ ಅಳತೆ ನೋಡಬೇಕೆಂದು ಕರೆದರು. ನಾನೂ ಹೋದೆ. ಚಾಚಾ ಅಣ್ಣನ ಎದೆಗೆ ಟೇಪು ಸುತ್ತಿದರು.

"ಏನೋ ತಮ್ಮಾ, ಎರಡಿಂಚು ಇಳದೀಯಲ್ಲ?"

"ನಿಮ್ಮ ಚಿಂತ್ಯಾಗ ಚಾಚಾ. ವೋಟು ಒಡೀತಾವ್ರಿ."

"ಚಿಂತಿ ಬಿಡು, ಹೊಟ್ಟಿತುಂಬ ಉಣ್ಣು. ಹಿಂಗ ಇಳದ್ರ ಗೆದ್ದ ದಿನಾ ಜುಬ್ಬಾ ಜೋತು ಬೀಳತೈತಿ, ನನ್ನ ಹೆಸರು ಕೆಡತೈತಿ."

ಶಿಕ್ಕಾ

ನಾನು ಅಂಗಡಿ ಮುಚ್ಚಿ ಮನೆಮನೆ ತಿರುಗಿದೆ. ನಮ್ಮ ಮನೆಯಿಂದಲೇ ಶುರು. "ಚಾಚಾಗ ಹಾಕಿದ್ರ ವೋಟು ಹಾಳು. ಪಾಪ, ಅವರಿಗೆ ಒಂದೂ ಬೀಳೂದಿಲ್ಲ." ಕೇಳಿದವರೆಲ್ಲ ಲೊಚಗುಟ್ಟಿದರು. ಮಾತು ನಾಟಿತು ಎಂದುಕೊಂಡೆ.

ಮೂಲೆಮನೆ ಮುದುಕಿಯೊಬ್ಬಳು ಮಾತ್ರ, "ವೋಟಿನ ಚೀಟಿ ಮ್ಯಾಲ ಮೂರೂ ಮಂದೀಗೆ ಒಂದೊಂದು ಶಿಕ್ಕಾ ಒತ್ತತೇನಿ ಬಿಡು" ಎಂದಳು.

"ಹಂಗ ಮಾಡಬ್ಯಾಡ ಆಯಿ, ಸರಕಾರ ಆ ವೋಟು ಹಿಡಿಯೂದಿಲ್ಲ!"

"ಒಬ್ಬಗ ಹಾಕಿದ್ರ ಇಬ್ಬರಿಗೆ ಸಿಟ್ಟು. ಮೂವರಿಗೆ ಹಾಕಿದ್ರ ಸರಕಾರಕ್ಕ ಸಿಟ್ಟು. ಸರಕಾರೇನು ನಮ್ಮ ಓಣ್ಯಾಗ ಇರತೈತೇನು?"

ಒಂಬತ್ತು

ಎಣಿಕೆ ಮುದ್ದೇಬಿಹಾಳದಲ್ಲಿ. ಅಣ್ಣ ನಾಲ್ಕು ವೋಟಿನಿಂದ ಸೋತ. ಚಾಚಾಗೆ ಬಿದ್ದದ್ದು ಒಂಬತ್ತು. ಸಂಜೆ ಅವರು ಮನೆಗೆ ಬಂದಾಗ, "ನಮ್ಮ ಒಂಬತ್ತು ವೋಟು ನುಂಗಿದ್ರಲ್ರಿ!" ಎಂದು ರೇಗಿದೆ.

ಚಾಚಾ ತಲೆ ಹಿಡಿದು ಕೂತರು. "ಖುದಾನ ಆಣಿ, ನನಗ ತಿಳೀವಲ್ದು. ನನಗ ಹಾಕಿದ್ರ ಹಾಳು ಅಂತ ನೀನ ಹೇಳಿದ್ದೆಲ್ಲೊ? ಯಾಕ ಹಾಳು ಮಾಡೂದಂತ ನಾ ನಿಮ್ಮಣ್ಣಗ ಹಾಕಿದ್ನಿ. ನಮ್ಮ ಮನಿ ಐದೂ ವೋಟು ನಿಮಗ. ಹಂಗಾದ್ರ ಈ ಒಂಬತ್ತು ಹಾಕಿದವರು ಯಾರು?"

ಪಡಸಾಲೆಯಲ್ಲಿ ಮನೆಮಂದಿಯೆಲ್ಲ ಸೇರಿದ್ದರು. ಅವ್ವ ಕೆಮ್ಮಿದಳು. "ಒಂದೂ ಬೀಳೂದಿಲ್ಲ ಅಂದ್ಯಲ್ಲಪಾ, ಕರುಳು ಚುರ್ ಅಂತು. ನಂದೊಂದ ಹಾಕಿದ್ನಿ."

"ನಾನೂ" ಎಂದಳು ಅಣ್ಣನ ಹೆಂಡತಿ. ಆಮೇಲೆ ಅತ್ತೆ, ಕಾಕಾ, ಕಾಕು, ಅವರ ಇಬ್ಬರು ಮಕ್ಕಳು. ಕೊನೆಗೆ ನನ್ನ ಹೆಂಡತಿ. ಎಂಟಾಯಿತು. ನಾನು ಹಲ್ಲು ಕಡಿಯುತ್ತ, "ಒಂಬತ್ತನೇದು ಯಾರದು? ಹೇಳ್ರಿ!" ಎಂದು ಚೀರಿದೆ.

ಅಣ್ಣ ನೆಲ ನೋಡುತ್ತ ಮೆಲ್ಲಗೆ ಹೇಳಿದ: "ಸೋತ್ರ ಹ್ಯಾಂಗ ಆಕ್ಕೈತಿ ಅಂತ ನನಗ ಗೊತ್ತಿತ್ತಲ್ಲೊ... ನಂದ ಅದು."