ಮಾಳಿಗೆಯ ಬುದ್ಧ, ಕೆಳಗಿನ ಭರಣಿ

ಹೊಟ್ಟೆಕಿಚ್ಚಿಗೆ ನಿವೃತ್ತಿ ವಯಸ್ಸಿಲ್ಲ; ಭಾನುವಾರ ಬಂತೆಂದರೆ ನನಗೆ ಹೀಗೆ ಏನಾದರೊಂದು ಆಗುತ್ತಲೇ ಇರುತ್ತದೆ. ಗಲ್ಫಿನಿಂದ ಮರಳಿದ ವ್ಯಾಪಾರಿಯೊಬ್ಬರು ಕಾಸರಗೋಡಿನ ತಮ್ಮ ಮನೆಯನ್ನೇ ಏಷ್ಯಾದ ಕಲೆಗಳ ಮ್ಯೂಸಿಯಂ ಮಾಡಿದ್ದಾರೆ. ಬಂದವರಿಗೆ ವಿವರಿಸಲು ನಾವಿಬ್ಬರು ನಿವೃತ್ತ ಮಾಷ್ಟ್ರುಗಳು. ಚಿತ್ರಕಲೆ ಕಲಿಸಿದ ನನಗೆ ಮಾಳಿಗೆಯ ಬುದ್ಧ; ಡ್ರಿಲ್ ಮಾಷ್ಟ್ರಿಗೆ ಕೆಳಗಿನ ಚೀನಾ, ಜಪಾನು. ನಾನು ಓದಿಕೊಂಡು ಬರುತ್ತೇನೆ, ಅವರು ಊಟ ಮಾಡಿಕೊಂಡು ಬರುತ್ತಾರೆ. ಜನ ಮಾತ್ರ ಅವರ ಸುತ್ತ.

ಪ್ರಸಾದ

ಅಡೂರಿನ ಅಜ್ಜಿಯೊಬ್ಬರು ನನ್ನ ಗ್ಯಾಲರಿಯ ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಬುದ್ಧನಿಗೆ ಸುತ್ತು ಬಂದು, ನನ್ನೆದುರು ಕೈ ಚಾಚಿ ನಿಂತರು. ನಾನು ಗಾಂಧಾರ ಶೈಲಿ, ಬಟ್ಟೆಯ ನೆರಿಗೆ ಎಂದೆಲ್ಲ ವಿವರಿಸತೊಡಗಿದೆ. ಕೈ ಇಳಿಯಲಿಲ್ಲ.

"ಅದೆಲ್ಲ ಇರಲಿ, ಪ್ರಸಾದ ಎಂತ ಇಲ್ವಾ?"

ಇದು ದೇವಸ್ಥಾನವಲ್ಲ ಎಂದೆ. ಅಜ್ಜಿ ಬೇಸರದಲ್ಲಿ ಇಳಿದು ಹೋದರು. ಕೆಳಗೆ ಡ್ರಿಲ್ ಮಾಷ್ಟ್ರು ಜೇಬಿನಿಂದ ಕಲ್ಲುಸಕ್ಕರೆ ತೆಗೆದು ಕೊಟ್ಟರಂತೆ. ಮರುವಾರ ಅಡೂರಿನಿಂದ ಜೀಪು ತುಂಬ ಜನ ಬಂದು, ಸಕ್ಕರೆ ಕೊಡುವ ಭಟ್ರು ಎಲ್ಲಿ ಎಂದು ನನ್ನನ್ನೇ ಕೇಳಿದರು.

ಭರಣಿ

ಚೀನಾದ ದೊಡ್ಡ ಭರಣಿ ಯಾವ ಕಾಲದ್ದು, ಯಾವ ಹಡಗಿನಲ್ಲಿ ಬಂತು ಎಂದು ಡ್ರಿಲ್ ಮಾಷ್ಟ್ರು ಹೇಳುವುದೇ ಇಲ್ಲ. ಇದರಲ್ಲಿ ಎಷ್ಟು ಮಿಡಿ ಉಪ್ಪಿನಕಾಯಿ ಹಿಡಿದೀತು ಎಂದು ಹೆಂಗಸರನ್ನು ಕೇಳಿ, ಸ್ಟೂಲಿನಲ್ಲಿ ಕೂತುಬಿಡುತ್ತಾರೆ. ಮುಂದಿನ ಚರ್ಚೆಯೆಲ್ಲ ಹೆಂಗಸರದ್ದೇ. ಯಾರೂ ಅಲ್ಲಿಂದ ಕದಲುವುದಿಲ್ಲ.

ನನಗೆ ಹೊಟ್ಟೆ ಉರಿಯಿತು. ಎಣ್ಮಕಜೆಯಿಂದ ಬಂದ ದಂಪತಿಯನ್ನು ಬುದ್ಧನೆದುರು ನಿಲ್ಲಿಸಿ, ನಾನೂ ಗೇರುಬೀಜದ ಪಾಯಸದ ಮಾತು ತೆಗೆದೆ. ಗಂಡ ಸುತ್ತ ನೋಡಿ, "ಕ್ಯಾಂಟೀನ್ ಇಲ್ಲಿಯಾ ಮಾಷ್ಟ್ರೇ?" ಎಂದ.

ಪರದೆ

ಡ್ರಿಲ್ ಮಾಷ್ಟ್ರು ಜನರಿಗೆ ಎಂಥ ಮೋಡಿ ಹಾಕುತ್ತಾರೆಂದು ತಿಳಿಯಲು, ನಾನು ಹಿಂದಿನ ಮೆಟ್ಟಿಲಿಳಿದು ಜಪಾನಿನ ಮಡಚುವ ಪರದೆಯ ಮರೆಯಲ್ಲಿ ನಿಂತು ಕೇಳುವುದುಂಟು. ತೇವ ಹಿಡಿಯದಿರಲೆಂದು ಆ ಪರದೆಯನ್ನು ಮರದ ತುಂಡುಗಳ ಮೇಲೆ ಎತ್ತಿಟ್ಟಿದ್ದಾರೆ.

ಒಂದು ಭಾನುವಾರ ನನ್ನ ಹೆಂಡತಿ ಗೆಳತಿಯರೊಡನೆ ಬಂದಳು. ಹೊಸ ಅಂಗಿ ಹಾಕಿ ಬುದ್ಧನ ಪಕ್ಕದಲ್ಲಿ ಕಾದೆ. ಅವಳು ಮೇಲೆ ಬರಲೇ ಇಲ್ಲ. ಕೆಳಗಿನಿಂದ ಅವಳ ನಗು ಕೇಳಿತು. ನನ್ನ ಮಾತಿಗೆ ಅವಳು ಹಾಗೆ ನಕ್ಕು ಎಷ್ಟು ಕಾಲವಾಯಿತೋ! ತಡೆಯಲಾರದೆ ಇಳಿದು ಪರದೆಯ ಹಿಂದೆ ನಿಂತೆ.

ನಗು ನಿಂತಿತು. ಪರದೆಯ ಅಡಿಯಿಂದ ನನ್ನ ಚಪ್ಪಲಿ ಕಾಣುತ್ತಿತ್ತು. ಅದರ ಬಾರನ್ನು ಕೆಂಪು ದಾರದಲ್ಲಿ ಹೊಲಿದವಳು ಅವಳೇ.

"ಮಾಷ್ಟ್ರೇ, ಈ ಪರದೆಯ ಹಿಂದೆ ನಿಂತದ್ದು ಯಾವ ದೇಶದ್ದು?" ಎಂದಳು.

ಡ್ರಿಲ್ ಮಾಷ್ಟ್ರು ತಿರುಗಿಯೂ ನೋಡಲಿಲ್ಲ. "ಅದಾ? ಅದು ಮಾಳಿಗೆಯ ಮೂರ್ತಿ. ಪ್ರತಿ ಭಾನುವಾರ ತಾನಾಗಿ ಇಳಿದು ಬರ್ತದೆ."

ಪರದೆ ಸರಿಸಿ ಎಲ್ಲರೂ ನೋಡಿದರು. ಮ್ಯೂಸಿಯಮ್ಮಿನಲ್ಲಿ ನನ್ನ ಸುತ್ತ ಅಷ್ಟು ಜನ ಸೇರಿದ್ದು ಅದೇ ಮೊದಲು.