ಮಾಮಾನ ಲ್ಯಾಪ್‌ಟಾಪ್ ಪರೀಕ್ಷೆ

ನಮ್ಮ ಸೋದರಮಾವನನ್ನು ಅಂಗಡಿಗೆ ಕರೆದೊಯ್ಯುವುದೂ ಒಂದೇ, ಅಂಗಡಿಯವನ ಮೇಲೆ ಹಳೇ ಸೇಡು ತೀರಿಸಿಕೊಳ್ಳುವುದೂ ಒಂದೇ! ನಿಪ್ಪಾಣಿಯಲ್ಲಿ ತಂಬಾಕು ದಾಸ್ತಾನಿಡುವ ವಖಾರಿಯಲ್ಲಿ ಎಲೆ ಹಿಸುಕಿ, ಮೂಸಿ, ‘ಇದು ನಡೀತೈತಿ, ಇದು ನಡ್ಯಾಂಗಿಲ್ಲ’ ಎಂದು ಬೇರೆ ಮಾಡುತ್ತಿದ್ದ ಮನುಷ್ಯ. ವಖಾರಿ ಬಿಟ್ಟ ಮೇಲೆ ಅದೇ ಕೆಲಸವನ್ನು ಇಡೀ ಪ್ರಪಂಚಕ್ಕೆ ವಿಸ್ತರಿಸಿಕೊಂಡ. ಬದನೆಕಾಯಿ, ಚಪ್ಪಲಿ, ಡಾಕ್ಟರು, ಯಾವುದೂ ಯಾರೂ ತಪ್ಪಿಸಿಕೊಂಡಿಲ್ಲ.

ಅಂಥವನ ಕೈಗೆ ನನ್ನ ಲ್ಯಾಪ್‌ಟಾಪ್ ಸಿಕ್ಕಿತು. ತೀರ ಅಗ್ಗದ್ದಲ್ಲ, ದುಬಾರಿಯದ್ದೂ ಅಲ್ಲ. ನಮ್ಮಂಥ ನಡುವಿನವರಿಗೆ ನಡುವಿನದು. ಚಿಕ್ಕೋಡಿಯ ತವರುಮನೆಯಿಂದ ಹಳ್ಳಿಹಳ್ಳಿಗೆ ಹೋಗಿ ಸ್ವಸಹಾಯ ಸಂಘದ ಹೆಂಗಸರಿಗೆ ಕಂಪ್ಯೂಟರ್ ಕಲಿಸುವ ಕೆಲಸ ಹಿಡಿದಿದ್ದೆ. ಅದಕ್ಕೆಂದು ಲ್ಯಾಪ್‌ಟಾಪ್ ಕೊಂಡ ಸುದ್ದಿ ತಿಳಿದದ್ದೇ ತಡ, ಮಾಮಾ ನಿಪ್ಪಾಣಿಯಿಂದ ಬಸ್ಸು ಹತ್ತಿ ಬಂದ.

“ಹೊತ್ಕೊಂಡು ತಿರುಗೂದು ಅಂದಮ್ಯಾಲ ಮೊದಲ ತೂಕ ನೋಡಬೇಕವ್ವಾ,” ಎಂದವನೇ ಅದನ್ನು ಅಂಗೈ ಮೇಲಿಟ್ಟು ಕೈ ಚಾಚಿ ನಿಂತ. ಸ್ವಲ್ಪ ಹೊತ್ತಿಗೆ ಅವನ ಕೈ ನಡುಗಿತು. ನನ್ನ ಎದೆಯೂ!

“ಸಾಲಿ ಹುಡುಗರು ಬರಿಯೂ ಪಾಟಿಗಿಂತ ಭಾರ, ಬೀಸೂ ಕಲ್ಲಿಗಿಂತ ಹಗರ,” ಎಂದು ತೀರ್ಪಿತ್ತ.

ಆನ್ ಮಾಡಿದೆ. ಪರದೆಯ ಮೇಲೆ ಚಕ್ರ ತಿರುಗಿತು. ಅವ್ವ ಕೊಟ್ಟ ಚಹಾ ಮುಗಿಯಿತು, ಚಕ್ರ ಮುಗಿಯಲಿಲ್ಲ. “ಏಳಾಕ ಇಷ್ಟೊತ್ತು ಮಾಡೂ ಸೊಸೀನ್ನ ಯಾರರೆ ಮನ್ಯಾಗ ಇಟ್ಕೋತಾರೇನು?” ಎಂದ ಮಾಮಾ. ಅವ್ವ ಕಪ್ಪು ತೆಗೆದುಕೊಂಡು ಒಳಗೆ ಹೋದಳು.

ಅಂಗಳದ ಬಿಸಿಲಿನಲ್ಲಿ ತೆರೆದು ನೋಡಿದ. “ಇದರಾಗ ನನ್ನ ಮಾರೀನ ಕಾಣತೈತಲ್ಲ! ಕನ್ನಡಿ ಬೇಕಾಗಿದ್ರ ಸಂತ್ಯಾಗ ಸಿಗತಿತ್ತು.”

ಆಮೇಲೆ ಕರೆಂಟು ಹೋಯಿತು. ಬ್ಯಾಟರಿ ಪರೀಕ್ಷೆಗೆಂದು ಸಿನಿಮಾ ಹಚ್ಚಿಸಿ ಎವೆಯಿಕ್ಕದೆ ಕೂತ. ಕೊನೆಯ ಹೊಡೆದಾಟದಲ್ಲಿ ನಾಯಕ ಕೊಡಲಿ ಎತ್ತಿದ, ಪರದೆ ಕಪ್ಪಾಯಿತು. “ನೋಡು, ಕೆಟ್ಟಂವ ಉಳಕೊಂಡ!”

ನನಗೆ ನಗು ಬರಬೇಕಿತ್ತು, ಬರಲಿಲ್ಲ. ಯಾಕೆಂದರೆ ಈ ಮನುಷ್ಯ ತನ್ನ ಆಯುಷ್ಯದಲ್ಲಿ ಒಂದೇ ನೋಟಕ್ಕೆ ಪಾಸು ಮಾಡಿದ್ದು ಅಥಣಿ ಕಡೆಯ ನನ್ನ ಗಂಡನನ್ನು ಮಾತ್ರ. ‘ಹುಡುಗ ಗಟ್ಟಿ ಅದಾನ’ ಎಂದು ಬಂದು ಹೇಳಿದ್ದ. ಸುಳ್ಳೇನಲ್ಲ. ಆ ಗಟ್ಟಿತನ ನನ್ನ ಕೆನ್ನೆಗೂ ಬೆನ್ನಿಗೂ ಚೆನ್ನಾಗಿ ಗೊತ್ತು. ನಾನು ಟ್ರಂಕು ಹಿಡಿದು ತವರಿಗೆ ಮರಳಿದ ದಿನ ಮಾಮಾನೂ ಬಂದಿದ್ದ. ಊಟಕ್ಕೆ ಕೂತು, ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದ. ಅಷ್ಟೇ!

ಮರುದಿನ ರಾಯಬಾಗದ ಹತ್ತಿರದ ಅಲಖನೂರಿನಲ್ಲಿ ನನ್ನ ಮೊದಲ ಕ್ಲಾಸು. ಅದಕ್ಕೂ ಬೆನ್ನು ಹತ್ತಿದ. ರಾಯಬಾಗದ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. “ಅಜ್ಜಾರ, ಚೀಲ ಮ್ಯಾಲಿಡ್ರಿ,” ಎಂದ ಕಂಡಕ್ಟರ್.

“ನೀ ಟಿಕೀಟ್ ಹರಿಯಪಾ. ಇದರ ಪರೀಕ್ಷಾ ಇನ್ನಾ ನಡದೈತಿ,” ಎಂದು ಮಾಮಾ ಲ್ಯಾಪ್‌ಟಾಪಿನ ಚೀಲವನ್ನು ಎದೆಗವುಚಿಕೊಂಡೇ ನಿಂತ.

ಕ್ಲಾಸಿನಲ್ಲಿ ಒಬ್ಬಾಕೆ ತನ್ನ ಹೆಸರು ಟೈಪ್ ಮಾಡಿ, ಬಾಯಿಗೆ ಸೆರಗು ಹಿಡಿದು ನಕ್ಕಳು. ನನಗೆ ಕಣ್ಣು ತುಂಬಿತು. ಆಗ ಹಿಂದಿನಿಂದ ಮಾಮಾನ ದನಿ: “ಒಳಗಿನ ಫ್ಯಾನು ಹಿಟ್ಟಿನ ಗಿರಣಿ ಆದಂಗ ಸಪ್ಪಳ ಮಾಡತೈತಿ!”

ವಾಪಸು ಬರುವಾಗ ರಾಯಬಾಗದಲ್ಲಿ ನಿಪ್ಪಾಣಿ ಬಸ್ಸು ಹತ್ತಿದೆವು. ಸೀಟು ಸಿಕ್ಕಿತು. ಮಾಮಾ ಗಂಟಲು ಸರಿ ಮಾಡಿಕೊಂಡ. “ಕೆಲಸಕ್ಕ ಸುಮಾರ. ಹೊರಾಕ ಅಡ್ಡಿಯಿಲ್ಲ. ಬ್ಯಾಟರಿ ನಂಬಬ್ಯಾಡ. ನಾಕ ಕಡೆ ವಿಚಾರಿಸಿ ತಗೋಬೇಕಿತ್ತ ನೀ.”

ನಾನು ಸಿಡಿದೆ. “ಈ ಸುಡುಗಾಡ ಲ್ಯಾಪ್‌ಟಾಪಿಗೆ ನಾಕ ಕಡೆ ವಿಚಾರಿಸಬೇಕು. ನನ್ನ ಕೊಡೂಮುಂದ ಎಷ್ಟ ಕಡೆ ವಿಚಾರಿಸಿದ್ದಿ ಮಾಮಾ?”

ಮುಂದಿನ ಸೀಟಿನವರು ತಿರುಗಿ ನೋಡಿದರು. ಮಾಮಾ ಕಿಟಕಿಯ ಹೊರಗೆ, ಬಸ್ಸು ದಾಟುತ್ತಿದ್ದ ಕಬ್ಬಿನ ಟ್ರ್ಯಾಕ್ಟರಿನ ಕಡೆ ಮುಖ ತಿರುಗಿಸಿದ.

“ಎಲ್ಲೂ ಇಲ್ಲವ್ವಾ,” ಎಂದ. “ಅವರ ಮನ್ಯಾಗ ಒಂದ ಕಪ್ ಚಾ ಕುಡದ್ನಿ. ಮನಿ ದೊಡ್ಡದ ಕಂಡ್ತು, ಹೂಂ ಅಂದ್ನಿ. ಆವಾಗಿಂದ ಯಾವುದಕ್ಕೂ ಹೂಂ ಅನ್ನಾಕ ಅಂಜಿಕಿ ಬರತೈತಿ.”

ಆಮೇಲೆ ಬಸ್ಸಿನ ಓಲಾಟಕ್ಕೆ ಮಾಮಾನಿಗೆ ನಿದ್ದೆ ಹತ್ತಿ, ತಲೆ ನನ್ನ ಭುಜದ ಮೇಲೆ ವಾಲಿತು. ಚಿಕ್ಕೋಡಿ ಬಂತು. ನಾನು ಇಳಿಯಬೇಕು, ಅವನ ಊರು ಮುಂದೆ. ಇಳಿಯಬೇಕೆಂದರೆ ಅವನನ್ನು ಎಬ್ಬಿಸಬೇಕು.

ಕಂಡಕ್ಟರನನ್ನು ಮೆಲ್ಲಗೆ ಕರೆದು, ನಿಪ್ಪಾಣಿಗೆ ನನಗೂ ಒಂದು ಟಿಕೀಟು ಕೇಳಿದೆ.